ಓ ಯು ಜಿ ಎಚ್ ಅನ್ನೋ ನಾಲ್ಕು ಜನ

ನಾಳೆ ಡಿಕ್ಟೇಶನ್ ಇದೆ ಅಂತ ಮೂರನೇ ಕ್ಲಾಸಿನ ನನ್ನ ಮಗಳು ಭಾನುವಾರ ರಾತ್ರಿ ಊಟ ಆಗಿ ಹಾಸಿಗೆ ಹಾಸಿದ್ಮೇಲೆ ಹೇಳಿದ್ಲು, ಮಕ್ಕಳು ಇಂಥದ್ದನ್ನೆಲ್ಲ ಆ ಟೈಮಲ್ಲೇ ಹೇಳೋದು. ಹತ್ತು ಪದ, ಎಲ್ಲದ್ರಲ್ಲೂ ಓ ಯು ಜಿ ಎಚ್ ಇದೆ. ಇದೇನ್ ಮಹಾ, ಒಂದು ಬಂದ್ರೆ ಹತ್ತೂ ಬಂದಂಗೆ ಅಂತ ನಾನೂ ಪಕ್ಕದಲ್ಲಿ ಕೂತೆ.

ಮುಂದೆ ಟಿ ಹಾಕಿದ್ರೆ ಟಫ್. ಸರಿ, ಹಂಗಾದ್ರೆ ಟಿ ಎಚ್ ಹಾಕಿದ್ರೆ ದಫ್ ಅಂದ್ಲು. ಅಲ್ಲ ಪುಟ್ಟಿ, ಅದು ದೋ. ಓ, ಸಿ ಹಾಕಿದ್ರೆ ಕೋ. ಅಲ್ಲ, ಕಾಫ್, ಕೆಮ್ಮು. ಡಿ ಹಾಕಿದ್ರೆ ಡಾಫ್? ಅಲ್ಲ, ಡೋ, ಕಲಸಿದ ಹಿಟ್ಟು. ಬಿ ಹಾಕಿದ್ರೆ ಬೋ? ಅಲ್ಲ, ಬೌ, ಮರದ ಕೊಂಬೆ. ಆ ದೋ ಒಳಗೆ ಒಂದು ಆರ್ ತೂರಿಸಿದ್ರೆ ಥ್ರೂ, ಆರ್ ತೆಗೆದು ಕೊನೇಲಿ ಟಿ ಅಂಟಿಸಿದ್ರೆ ಥಾಟ್. ಅಷ್ಟೊತ್ತಿಗೆ ಅವಳ ಕಣ್ಣಲ್ಲಿ ನೀರು. ಒಳಗಿಂದ ನಮ್ಮಮ್ಮ, "ಅದು ಅಕ್ಷರನೋ ಊಸರವಳ್ಳಿನೋ?" ಅಂದ್ರು.

ಇದ್ರಲ್ಲಿ ಓ ಮತ್ತು ಯು ಆದ್ರೂ ಅಷ್ಟಿಷ್ಟು ಕೆಲ್ಸ ಮಾಡ್ತಾವೆ. ಆ ಜಿ ಎಚ್ ಇದಾವಲ್ಲ, ಹಾಜರಿ ಹಾಕಿ ಕುರ್ಚಿಗೆ ಕೋಟು ನೇತಾಕಿ ಕಾಫಿಗೆ ಹೋದ ಗುಮಾಸ್ತರು. ಒಂದ್ ಕಾಲದಲ್ಲಿ ದುಡೀತಿದ್ರು ಅನ್ನೋದು ನಿಜ. ಹಳೇ ಇಂಗ್ಲಿಷರು ಅಲ್ಲಿ ಗಂಟಲಿಂದ ಖ್ ಅಂತ ಕ್ಯಾಕರಿಸೋ ಥರ ಒಂದು ಸದ್ದು ಮಾಡ್ತಿದ್ರು, ನೈಟ್ ಅನ್ನೋದು ನಿಖ್ತ್ ಅಂತೇನೋ ಕೇಳಿಸ್ತಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ ಹಾಕಿದ, ಅಲ್ಲಿಂದಾಚೆಗೆ ಸ್ಪೆಲಿಂಗು ನಿಧಾನಕ್ಕೆ ಗಟ್ಟಿಯಾಗ್ತಾ ಹೋಯ್ತು, ಬಾಯಿ ಮಾತ್ರ ತನ್ನ ಪಾಡಿಗೆ ತಾನು ಬದಲಾಗ್ತಾನೇ ಇತ್ತು, ಕೆಲವು ಪದದಲ್ಲಿ ಆ ಖ್ ಹೋಗಿ ಫ್ ಆಯ್ತು, ಉಳಿದಿದ್ರಲ್ಲಿ ಹೇಳದೇ ಕೇಳದೇ ಮಾಯ. ಪೋಸ್ಟ್ ಮಾತ್ರ ಖಾಲಿ ಮಾಡಲಿಲ್ಲ. ಖಾಲಿ ಮಾಡೋದಿರಲಿ, ಹೊಸ ನೇಮಕಾತಿ ಬೇರೆ ಆಯ್ತು! ಡಿಲೈಟ್ ಅನ್ನೋ ಪದ ಫ್ರೆಂಚಿಂದ ಬಂದಾಗ ಜಿ ಎಚ್ ಇರಲೇ ಇಲ್ಲ, ಲೈಟ್‌ಗೆ ಇದೆ ಇದಕ್ಕೂ ಇರ್ಲಿ ಅಂತ ತುರುಕಿದ್ರು. ಬಿಕ್ಕಳಿಕೆಗೆ ಹಿಕಪ್ ಅಂತ ಚೆನ್ನಾಗಿ ಬರೀತಿದ್ದೋರು ಅದನ್ನ ಕೆಮ್ಮಿನ ಸಂಬಂಧಿ ಅನ್ಕೊಂಡು ಕೊನೆಗೆ ಕಾಫ್ ಸ್ಪೆಲಿಂಗ್ ಜೋಡಿಸಿ, ಆಮೇಲೂ ಹಿಕಪ್ ಅಂತಲೇ ಓದಿದ್ರು.

ಸರಿ ಮಾಡೋಕೆ ಯಾರೂ ಹೋಗಲಿಲ್ಲ ಅಂತಲ್ಲ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಪಟ್ಟಿ ಹಿಡಿದು, ಇನ್ಮೇಲೆ ಸರ್ಕಾರಿ ಕಾಗದದಲ್ಲಿ ಥ್ರೂಗೆ ಟಿ ಎಚ್ ಆರ್ ಯು ಸಾಕು ಅಂತ ಆರ್ಡರ್ ಮಾಡಿದ್ರು. ಪತ್ರಿಕೆಗಳು ಆಡ್ಕೊಂಡು ನಕ್ಕವು, ಅಲ್ಲಿನ ಕಾಂಗ್ರೆಸ್ (ನಮ್ಮ ಕಾಂಗ್ರೆಸ್ ಅಲ್ಲ) ಆಗಲ್ಲ ಅಂತು, ಅಷ್ಟು ದೊಡ್ಡ ಮನುಷ್ಯ ನಾಲ್ಕೇ ತಿಂಗಳಲ್ಲಿ ತೆಪ್ಪಗಾದ್ರು. ಚಿಕಾಗೋ ಟ್ರಿಬ್ಯೂನ್ ಪತ್ರಿಕೆ 1934ರಿಂದ ಮೊಂಡು ಹಿಡಿದು ಕೆಲವು ಪದಾನ ಸಲೀಸು ಸ್ಪೆಲಿಂಗಲ್ಲೇ ಅಚ್ಚು ಹಾಕ್ತು, 1975ಕ್ಕೆ ಅದೂ ಸುಸ್ತಾಗಿ ಕೈಬಿಡ್ತು. ಬ್ರಿಟನ್ ಪಾರ್ಲಿಮೆಂಟಲ್ಲಿ 1949ರಲ್ಲಿ ಸ್ಪೆಲಿಂಗ್ ರಿಪೇರಿಗೆ ಅಂತ ಬಿಲ್ಲೇ ಬಂದು ಮೂರು ವೋಟಲ್ಲಿ ಸೋತಿತು. ಮೂರೇ ಮೂರು ವೋಟು ಕಣ್ರೀ, ನಮ್ಮ ಕಡೆಯೋರು ಯಾರಾದ್ರೂ ಇದ್ದಿದ್ರೆ ಅಷ್ಟು ಜನಾನ ರಾತ್ರೋರಾತ್ರಿ ರೆಸಾರ್ಟಿಗೆ ಕರ್ಕೊಂಡ್ ಹೋಗಿ ಕೆಲ್ಸ ಮುಗಿಸಿಬಿಡೋರು.

ನಮ್ಮ ಹಿರಿಯರು ನೋಡಿ, ಹಳಗನ್ನಡದ ಏೞು ಅನ್ನೋದು ಬಾಯಲ್ಲಿ ಏಳು ಆದ್ಮೇಲೆ ಆ ೞ ಅನ್ನ ಮರ್ಯಾದೆಯಿಂದ ಮನೆಗೆ ಕಳಿಸಿದ್ರು. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಬರವಣಿಗೆನೂ ಹಂಗೇ ತಿರುಗ್ತು. ಇಂಗ್ಲಿಷರ ಕೈಗೆ ಕನ್ನಡ ಕೊಟ್ಟಿದ್ರೆ ಇವತ್ತಿಗೂ ನಾವು ಪೊೞೆ ಅಂತ ಬರೆದು ಹೊಳೆ ಅಂತ ಓದ್ತಿದ್ವಿ, ಬಸ್ಸಿನ ಬೋರ್ಡಲ್ಲಿ ಮಾರತ್ತಪಳ್ಳಿ ಅಂತಿರೋದು, ಅದನ್ನ ಇದ್ದಂಗೇ ಓದಿದೋನನ್ನ ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ ಯಾವ್ ಮೀಡಿಯಂ ಓದಿದ್ದು ಅಂತ ಕೇಳೋರು. ಹಾಗಂತ ನಾವೇನು ಸಾಚಾ ಅಲ್ಲ, ಋ ಇಟ್ಕೊಂಡು ರು ಅಂತೀವಿ, ಶಂಕರನ ಶ ಯಾವ್ದು ಷಣ್ಮುಖನ ಷ ಯಾವ್ದು ಅಂತ ಬಾಯಲ್ಲಿ ಹೇಳ್ಸಿದ್ರೆ ಅರ್ಧ ವಿಧಾನಸೌಧ ಫೇಲು.

ಇದೆಲ್ಲ ಹೋಗ್ಲಿ, ನನ್ನ ಭಾವಮೈದ ಪ್ರಾಜೆಕ್ಟ್ ಅಂತ ಲಂಡನ್ ಪಕ್ಕದ ಒಂದೂರಿಗೆ ಹೋದ. ಊರಿನ ಹೆಸರು ಎಸ್ ಎಲ್, ಆಮೇಲೆ ನಮ್ಮ ನಾಲ್ಕು ಜನ. ಆರು ತಿಂಗಳು ನಾವೆಲ್ಲ ನೆಂಟರಿಷ್ಟರಿಗೆ ಹೆಮ್ಮೆಯಿಂದ ಸ್ಲಫ್ ಅಂತ ಹೇಳ್ಕೊಂಡ್ ತಿರುಗಿದ್ವಿ. ಒಂದಿನ ವಿಡಿಯೋ ಕಾಲಲ್ಲಿ, "ಭಾವ, ದಯವಿಟ್ಟು, ಅದು ಸ್ಲೌ" ಅಂದ, ಅಲ್ಲೇ ಹುಟ್ಟಿದೋನ ಥರ. ಡಿಕ್ಷನರಿ ತೆಗೆದು ನೋಡಿದ್ರೆ ಅದೇ ಸ್ಪೆಲಿಂಗ್‌ನ ಸ್ಲಫ್ ಅಂದ್ರೆ ಹಾವು ಪೊರೆ ಬಿಡೋದು, ಸ್ಲೌ ಅಂದ್ರೆ ಕೆಸರು ಗುಂಡಿ, ಅಮೆರಿಕದಲ್ಲಿ ಅದೇ ಗುಂಡಿ ಸ್ಲೂ. ಇವನೂ ಹೋದ ಹೊಸದ್ರಲ್ಲಿ ಸ್ಟೇಷನ್ ಕೌಂಟರಲ್ಲಿ ಸ್ಲಫ್‌ಗೆ ಒಂದು ಟಿಕೆಟ್ ಕೊಡಿ ಅಂದಿದ್ನಂತೆ, ಆ ವಿಷಯ ಅವನ ಹೆಂಡತಿ ಬಾಯಿಂದ ಆಮೇಲೆ ಬಂತು.

ಸೋಮವಾರ ಸಂಜೆ ಮಗಳು ಹತ್ತಕ್ಕೆ ಎಂಟು ತಂದ್ಲು. ತಪ್ಪಿದ್ದು ಕಾಫ್ ಒಂದು, ಇನ್ನೊಂದು ಥ್ರೂ, ರೂಸ್‌ವೆಲ್ಟ್ ಬರೆದಂಗೇ ಬರೆದಿದ್ಲು ಪಾಪ. ಕೆಳಗೆ ಕೆಂಪು ಇಂಕಲ್ಲಿ, ರಫ್ ಬುಕ್ಕಲ್ಲಿ ಹತ್ತತ್ತು ಸಲ ಬರೆಯೋದು ಅಂತ ಟೀಚರ್ ಆರ್ಡರ್. ರಫ್ ಬುಕ್ ತೆಗೆದೆ. ಮೇಲಿನ ಲೇಬಲ್ಲಲ್ಲಿ ಆರ್ ಯು ಎಫ್ ಎಫ್ ಅಂತ ದಪ್ಪಕ್ಕೆ ಸ್ಕೆಚ್ ಪೆನ್ನಲ್ಲಿ ಬರ್ಕೊಂಡಿದಾಳೆ. ಮೂರು ತಿಂಗಳಿಂದ ಅದೇ ಟೀಚರು ಒಳಗಡೆ ಪೇಜ್ ಪೇಜಿಗೂ ಸೈನ್ ಹಾಕಿದಾರೆ.