ಬರೀ ತೂತುಗಳ ಪ್ರಾಣಿ

ಸ್ಪಂಜು ಒಂದು ಪ್ರಾಣಿ ಅಂದರೆ ಬಹಳ ಜನ ಸುಮ್ನೆ ತಮಾಷೆ ಅಂದುಕೊಳ್ಳುತ್ತಾರೆ. ಅವರದ್ದೇನೂ ತಪ್ಪಿಲ್ಲ. ತಲೆ ಇಲ್ಲ, ಕಣ್ಣಿಲ್ಲ, ಬಾಯಿಲ್ಲ, ಹೊಟ್ಟೆ ಇಲ್ಲ, ಹೃದಯ ಇಲ್ಲ, ನರ ಇಲ್ಲ. ಮರಿಯಾಗಿದ್ದಾಗ ಸ್ವಲ್ಪ ಈಜಾಡುತ್ತದೆ, ಅಷ್ಟೇ. ಆಮೇಲೆ ಯಾವುದೋ ಬಂಡೆಗೆ ಅಂಟಿಕೊಂಡರೆ ಮುಗಿಯಿತು, ಜನ್ಮವಿಡೀ ಅಲ್ಲೇ ಠಿಕಾಣಿ. ಪ್ರಾಣಿ ಅನ್ನಿಸಿಕೊಳ್ಳಲು ಇನ್ನೇನು ಉಳಿಯಿತು?

ತೂತುಗಳು ಉಳಿದವು. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರಾಬರ್ಟ್ ಗ್ರಾಂಟ್ ಜೀವಂತ ಸ್ಪಂಜೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅದರ ದೊಡ್ಡ ಕಂಡಿಯಿಂದ ನೀರು ಬುಗ್ಗೆಯ ಹಾಗೆ ಒಂದೇ ಸಮನೆ ಹೊರಗೆ ಚಿಮ್ಮುತ್ತಿತ್ತು. ಹೊರಗೆ ಬರುತ್ತಿದೆ ಅಂದಮೇಲೆ ಎಲ್ಲಿಂದಲೋ ಒಳಗೆ ಹೋಗುತ್ತಲೇ ಇರಬೇಕು, ಅಲ್ವಾ? ಅದು ಹೋಗುತ್ತಿದ್ದದ್ದು ಮೈತುಂಬ ಇರುವ ಸಣ್ಣ ಸಣ್ಣ ರಂಧ್ರಗಳಿಂದ.

ಈ ನೀರನ್ನು ಎಳೆಯುವವರು ಒಳಗೋಡೆಯಲ್ಲಿ ಕೂತಿರುವ ಕಾಲರ್ ಕೋಶಗಳು. ಒಂದೊಂದಕ್ಕೂ ಒಂದು ಚಾಟಿ, ಚಾಟಿಯ ಸುತ್ತ ಕೂದಲೆಳೆಗಿಂತ ತೆಳ್ಳಗಿನ ಬೇಲಿ, ಅದೇ ಕಾಲರ್. ಚಾಟಿ ಬೀಸಿದಾಗ ನೀರು ಹರಿಯುತ್ತದೆ, ನೀರಿನಲ್ಲಿರುವ ಬ್ಯಾಕ್ಟೀರಿಯಾ ಬೇಲಿಗೆ ಸಿಕ್ಕಿಕೊಳ್ಳುತ್ತದೆ, ಕೋಶ ಅದನ್ನು ನುಂಗುತ್ತದೆ. ಎಲ್ಲರೂ ಒಂದೇ ತಾಳಕ್ಕೆ ಬೀಸುತ್ತಾರೆಯೇ ಅಂದರೆ ಅದೂ ಇಲ್ಲ. ತಾಳ ಹಾಕುವ ಮಿದುಳೇ ಇಲ್ಲವಲ್ಲ! ಅವರವರ ಪಾಡಿಗೆ ಅವರವರು. ಆದರೂ ಲ್ಯೂಕೋನಿಯಾ ಎಂಬ ಸ್ಪಂಜು, 10 ಸೆಂಟಿಮೀಟರ್ ಎತ್ತರ, 1 ಸೆಂಟಿಮೀಟರ್ ದಪ್ಪ ಇರುವಂಥದ್ದು, ದಿನಕ್ಕೆ 22 ಲೀಟರಿಗೂ ಜಾಸ್ತಿ ನೀರು ಸೋಸುತ್ತದೆ. ಮೀಟಿಂಗು ಮಾಡದೆ ಇಷ್ಟು ಕೆಲಸ ಆಗುತ್ತದೆ ಅನ್ನುವುದು ನನಗಂತೂ ತುಂಬ ಹಿಡಿಸಿದ ವಿಷಯ.

ಒಳಪದರಕ್ಕೂ ಹೊರಪದರಕ್ಕೂ ನಡುವೆ ಲೋಳೆಯಂಥ ಒಂದು ಜಾಗ. ಅಲ್ಲಿ ಅಲೆಮಾರಿ ಕೋಶಗಳು ತೆವಳಾಡಿಕೊಂಡಿರುತ್ತವೆ. ಊಟ ಹಂಚುತ್ತವೆ, ಬೇಕಾದರೆ ಬೇರೆ ಜಾತಿಯ ಕೋಶವಾಗಿಯೂ ಬದಲಾಗುತ್ತವೆ. ಮೈ ಕುಸಿಯದ ಹಾಗೆ ಆಸರೆಗೆ ಗಾಜಿನ ಅಥವಾ ಸುಣ್ಣದ ಸೂಜಿಗಳು. ಕೆಲವಕ್ಕೆ ಸೂಜಿ ಇಲ್ಲ, ಸ್ಪಂಜಿನ್ ಎಂಬ ಮೆತ್ತನೆಯ ನಾರು ಮಾತ್ರ. ಹಿಂದಿನವರು ಮೈ ತಿಕ್ಕಿಕೊಳ್ಳುತ್ತಿದ್ದದ್ದು ಈ ನಾರಿನ ಅಸ್ಥಿಪಂಜರದಿಂದಲೇ. ಈಗ ಪಾತ್ರೆ ತೊಳೆಯುವ ಸ್ಪಂಜಿಗೂ ಸಮುದ್ರಕ್ಕೂ ಯಾವ ನಂಟೂ ಇಲ್ಲ, ಹೆಚ್ಚಿನವು ಪ್ಲಾಸ್ಟಿಕ್.

1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಚ್. ವಿ. ವಿಲ್ಸನ್ ಇನ್ನೊಂದು ಪರೀಕ್ಷೆ ಮಾಡಿದರು. ಸ್ಪಂಜನ್ನು ತೆಳು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಕೋಶಕೋಶವಾಗಿ ಬಿಡಿಸಿ ನೀರಿಗೆ ಬಿಟ್ಟರು. ಬೇರೆ ಹೆಚ್ಚಿನ ಪ್ರಾಣಿಗಳಿಗಾದರೆ ಅಲ್ಲಿಗೆ ಕಥೆ ಮುಗಿಯಿತು. ಇಲ್ಲಿ ಕೋಶಗಳು ತೆವಳಿ ತೆವಳಿ ಒಂದನ್ನೊಂದು ಹುಡುಕಿಕೊಂಡು, ಗುಂಪುಗೂಡಿ, ಮತ್ತೆ ಸ್ಪಂಜಾದವು! ಎರಡು ಜಾತಿಯ ಸ್ಪಂಜುಗಳ ಕೋಶಗಳನ್ನು ಬೆರೆಸಿಟ್ಟರೂ ತಮ್ಮವರು ಯಾರೆಂದು ಗುರುತಿಸಿ ಬೇರೆ ಬೇರೆಯಾದವುಂಟು. ಕಣ್ಣಿಲ್ಲದೆ ಇದು ಹೇಗೆ ಅಂದರೆ, ಕೋಶದ ಮೈಮೇಲಿನ ಅಣುಗಳೇ ಗುರುತಿನ ಚೀಟಿ.

ಸ್ಪಂಜಿಗೆ ಸೀನೂ ಬರುತ್ತದೆ. ನರ, ಸ್ನಾಯು ಎರಡೂ ಇಲ್ಲದೆ ಮೈ ನಿಧಾನವಾಗಿ ಕುಗ್ಗಿಸಿ, ರಂಧ್ರಗಳಲ್ಲಿ ಸಿಕ್ಕಿಕೊಂಡ ಕಸವನ್ನು ಲೋಳೆಯ ಜೊತೆ ಆಚೆ ತಳ್ಳುತ್ತದೆ. ನಮ್ಮ ಹಾಗೆ ಕ್ಷಣದಲ್ಲಿ ಅಲ್ಲ, ಒಂದು ಸೀನಿಗೆ ಹತ್ತಾರು ನಿಮಿಷ. ಅವಸರ ಯಾರಿಗಿದೆ?

ಇಷ್ಟೆಲ್ಲ ಕೇಳಿ ತೂತೇ ಇದರ ಆಸ್ತಿ ಅಂದುಕೊಂಡರೆ, ಅದನ್ನೂ ಬಿಟ್ಟುಕೊಟ್ಟ ಸ್ಪಂಜುಗಳಿವೆ. ಮೆಡಿಟರೇನಿಯನ್ ಸಮುದ್ರದ ಗುಹೆಯೊಂದರಲ್ಲಿ ಸಿಕ್ಕ ಸ್ಪಂಜು ಬೇಟೆ ಆಡುತ್ತದೆ ಅಂತ 1995ರಲ್ಲಿ ತಿಳಿಯಿತು. ಅದಕ್ಕೆ ನೀರು ಎಳೆಯುವ ಕಾಲುವೆಗಳಿಲ್ಲ, ಕಾಲರ್ ಕೋಶಗಳೂ ಇಲ್ಲ. ಎಳೆಗಳ ಮೇಲೆ ಸಣ್ಣ ಸಣ್ಣ ಕೊಕ್ಕೆ. ಸೀಗಡಿ ಜಾತಿಯ ಪುಟ್ಟ ಜೀವಿ ಸಿಕ್ಕಿಬಿದ್ದರೆ ಕೋಶಗಳು ಸುತ್ತಲಿಂದ ತೆವಳಿ ಬಂದು ಅದನ್ನು ಮುಚ್ಚಿಕೊಳ್ಳುತ್ತವೆ, ಕೆಲವು ದಿನಗಳಲ್ಲಿ ಕರಗಿಸಿಕೊಳ್ಳುತ್ತವೆ. ಬಾಯಿ ಮಾತ್ರ ಇದಕ್ಕೂ ಇಲ್ಲ.