ಸತ್ಯಾಂಶ: ಶ್ರುತಿ ಇಳಿಸಿದರೆ ಗಿಟಾರ್ ಹಾಳಾಗುತ್ತಾ?

ರಾಜ್ಯೋತ್ಸವಕ್ಕೆ ಹಾಡಲು ತಯಾರಾಗುತ್ತಿರುವ ನಮ್ಮ ಜಯನಗರದ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು: ‘ಗಿಟಾರನ್ನು ಅರ್ಧ ಸ್ವರ ಇಳಿಸಿದರೂ ನೆಕ್ (ಗಿಟಾರಿನ ಉದ್ದನೆಯ ಕತ್ತು) ಬಾಗಿ ಹಾಳಾಗುತ್ತದೆ. ಹಾಡುವವರೇ ದನಿ ಏರಿಸಿಕೊಳ್ಳಬೇಕು.’

ಇದು ತಪ್ಪು. ನೆಕ್ಕನ್ನು ಎಳೆಯುವುದು ತಂತಿಯ ಬಿಗಿ. ಶ್ರುತಿ ಇಳಿಸಿದರೆ ಆ ಬಿಗಿ ಕಮ್ಮಿಯಾಗುತ್ತದೆ, ಜಾಸ್ತಿಯಲ್ಲ. ಮೇಲಿನ ದಪ್ಪ ತಂತಿ ಮಾಮೂಲಿಯಾಗಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅರ್ಧ ಸ್ವರ ಇಳಿಸಿದರೆ 78. ಬಿಗಿ ಇಳಿಯುವುದು ಶೇ 11ರಷ್ಟು. ಪೂರ್ತಿ ಒಂದು ಸ್ವರಕ್ಕೆ ಶೇ 21. ಆಗ ಸಡಿಲಾದ ತಂತಿ, ನೆಕ್ ಮೇಲಿನ ಲೋಹದ ಅಡ್ಡಪಟ್ಟಿಯಾದ ಫ್ರೆಟ್‌ಗೆ ತಾಗಿ ಜುಂಯ್ ಅನ್ನಬಹುದು. ಸ್ವಲ್ಪ ದಪ್ಪ ತಂತಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕೇಪೋ (ತಂತಿಗಳನ್ನು ನೆಕ್ಕಿಗೆ ಒತ್ತಿ ಹಿಡಿಯುವ ಕ್ಲಿಪ್) ಸಾಕಲ್ವಾ ಅಂತ ಕೇಳುತ್ತಾರೆ. ಅದು ಶ್ರುತಿ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಅಷ್ಟಕ್ಕೂ ನಮಗೆ ಇದೇನು ಹೊಸದೇ? ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗೆ ಹೋಗಿ ನೋಡಿ. ಹಾಡುವವರ ಕಂಠಕ್ಕೆ ತಕ್ಕಂತೆ ತಂಬೂರಿ, ಪಿಟೀಲು ಎರಡೂ ಶ್ರುತಿಯಾಗುತ್ತವೆ. ಗಿಟಾರಿಗೆ ಮಾತ್ರ ಯಾಕೋ ಸುಮ್ನೆ ಮಡಿ!

ಇಳಿಸುವಾಗ ಒಂದು ಕಿವಿಮಾತು: ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಇಳಿಸಿ, ಆಮೇಲೆ ಮೇಲಕ್ಕೆ ತನ್ನಿ. ಇಲ್ಲದಿದ್ದರೆ ಎರಡನೇ ಚರಣದ ಹೊತ್ತಿಗೆ ತಂತಿ ಜಾರಿರುತ್ತದೆ.