ರಕಾರ ಕಳೆದಿದೆ, ಸಿಕ್ಕವರು ತಿಳಿಸಿ

ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟೇ ಅಂಕ ತೆಗೆದಿರಲಿ, ಅಮೆರಿಕದ ಬಾಸ್ಟನ್ನಿನ ಪಕ್ಕದ ಮನೆಯಾತ ಬಂದು "ನನ್ನ ಕಾಕೀಸ್ ಕಂಡ್ರಾ?" ಎಂದರೆ ಕನ್ನಡಿಗನ ಕಣ್ಣು ಮೊದಲು ಹೋಗುವುದು ಅವನ ಪ್ಯಾಂಟಿನ ಕಡೆಗೇ. ಖಾಕಿ ಪ್ಯಾಂಟು ಎಲ್ಲೂ ಹೋಗಿಲ್ಲ. ಆತ ಹುಡುಕುತ್ತಿರುವುದು ಕಾರ್ ಕೀಸ್. ಅಲ್ಲಿನ ಹಳೇ ಮಂದಿಯ ಬಾಯಲ್ಲಿ, ಮುಂದೆ ಸ್ವರ ಇಲ್ಲದಿದ್ದರೆ 'ರ್' ಮಾಯ: ಪಾರ್ಕ್ ಪಾಕ್ ಆಗುತ್ತದೆ, ಕಾರ್ ಬರೀ ಕಾ. ಕಳೆದುಹೋದ ರಕಾರ ಬೇಡದ ಕಡೆ ಪ್ರತ್ಯಕ್ಷವಾಗುವುದೂ ಉಂಟು. 'ಐಡಿಯಾ ಈಸ್' ಅನ್ನುವುದು 'ಐಡಿಯರ್ ಈಸ್' ಆಗುತ್ತದೆ. ಹಾಸನವನ್ನು ಆಸನ ಮಾಡಿ, ಉಳಿದ ಹಕಾರವನ್ನು ಅಕ್ಕಿಗೆ ಅಂಟಿಸಿ ಹಕ್ಕಿ ಹಾರಿಸುವ ನಾವು ನಗುವ ಹಾಗಿಲ್ಲ.

ಅದೇ ಊರಿನಲ್ಲಿ 'ರೆಗ್ಯುಲರ್ ಕಾಫಿ' ಎಂದರೆ ಕೆನೆ, ಸಕ್ಕರೆ ಎರಡೂ ಬಿದ್ದೇ ಬರುತ್ತದೆ. ಬೇರೆ ಎಷ್ಟೋ ಊರುಗಳಲ್ಲಿ ಹಾಗಲ್ಲ. ಮಗನ ಮನೆಗೆಂದು ಬಂದ ಸಕ್ಕರೆ ಕಾಯಿಲೆಯ ಅಪ್ಪ 'ಮಾಮೂಲಿ ಕಾಫಿ ಸಾಕು' ಎಂದುಕೊಂಡು ರೆಗ್ಯುಲರ್ ಕೇಳಿದರೆ ಕೆಟ್ಟಿತು. 'ಬ್ಲ್ಯಾಕ್' ಎಂದು ಹೇಳಿ, ಹಾಲು ಆಮೇಲೆ ಬೆರೆಸಿಕೊಳ್ಳುವುದು ಕ್ಷೇಮ.

ಬೀದಿಯ ಹೆಸರುಗಳದ್ದು ಇನ್ನೊಂದು ಕಥೆ. ಟೆಕ್ಸಾಸ್‌ನ ಊರು ಹ್ಯೂಸ್ಟನ್, ನ್ಯೂಯಾರ್ಕ್‌ನ ಬೀದಿ ಹೌಸ್ಟನ್. ಈಗ ಬರೆಯುವ ಅಕ್ಷರ ಒಂದೇ, ಹೆಸರು ಕೊಟ್ಟ ಮಹನೀಯರು ಬೇರೆ ಬೇರೆ. ಷಿಕಾಗೋದ ಡೆವನ್ ಅವೆನ್ಯೂ ನಮ್ಮವರು ಬೇಳೆ, ಸೀರೆ, ಕರಿಬೇವಿಗೆಂದು ಎಡತಾಕುವ ಬೀದಿ. ಊರಿನವರ ಬಾಯಲ್ಲಿ ಅದು ಡಿವಾನ್, ಒತ್ತು ಎರಡನೇ ಅಕ್ಷರಕ್ಕೆ. ದಿವಾನ್ ಪೂರ್ಣಯ್ಯನವರನ್ನು ನೆನೆದುಕೊಂಡರೆ ಉಚ್ಚಾರಣೆ ತಪ್ಪುವುದಿಲ್ಲ.

ಕನ್ನಡಿಗರಿಗೆ ಒಗ್ಗುವ ಊರೆಂದರೆ ಪಿಟ್ಸ್‌ಬರ್ಗ್. ಅಲ್ಲಿ 'ಕಾರ್ ನೀಡ್ಸ್ ವಾಶ್ಡ್' ಅನ್ನುತ್ತಾರೆ. ವ್ಯಾಕರಣದ ಮೇಷ್ಟರು 'ಟು ಬಿ' ಎಲ್ಲಯ್ಯಾ ಎಂದು ಬೆತ್ತ ಎತ್ತಿಯಾರು. ಆದರೆ ಸ್ಕಾಟ್ಸ್-ಐರಿಷ್ ವಲಸಿಗರು ಬಿಟ್ಟುಹೋದ ಈ ವಾಕ್ಯ 'ಕಾರು ತೊಳೀಬೇಕು' ಅಂದಷ್ಟೇ ಸಲೀಸು. ಇಂಗ್ಲಿಷಿನ 'ಯೂ' ಒಬ್ಬರಿಗೂ ಅದೇ, ಹತ್ತು ಜನಕ್ಕೂ ಅದೇ. ಆ ಕೊರತೆಗೆ ಇಲ್ಲಿ 'ಯಿನ್ಜ್' ಇದೆ, ಫಿಲಡೆಲ್ಫಿಯಾದಲ್ಲಿ 'ಯೂಸ್', ದಕ್ಷಿಣದಲ್ಲಿ 'ಯಾಲ್'. ಅಬ್ಬಾ, ಕೊನೆಗೂ 'ನೀವು' ಸಿಕ್ಕಿತು ಎಂದು ಹಿಗ್ಗಿ, ಒಬ್ಬಳೇ ಕೂತಿರುವ ಮೇಲಧಿಕಾರಿಗೆ ಬಹುವಚನ ಕೊಟ್ಟು 'ಯಿನ್ಜ್' ಅಂದಿರೋ, ಆಕೆ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾಳೆ. ಇದು ಲೆಕ್ಕದ ಬಹುವಚನ, ಗೌರವದ್ದಲ್ಲ.

ಇದೇ ಊರಿನಲ್ಲಿ 'ಪಿಟ್ಸ್‌ಬರ್ಗ್ ಲೆಫ್ಟ್' ಅನ್ನುವ ಪದ್ಧತಿಯೊಂದಿದೆ. ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಗೆ, ಹಾಗಾಗಿ ಎಡಕ್ಕೆ ತಿರುಗುವವನು ಎದುರು ಬರುವವರಿಗೆ ಅಡ್ಡ ಹಾಯಬೇಕು. ಸಿಗ್ನಲ್ ಹಸಿರಾದ ಕೂಡಲೇ, ಎದುರಿನಿಂದ ಎಡಕ್ಕೆ ತಿರುಗಬೇಕಾದ ಮೊದಲ ಕಾರು ಹೋಗಲೆಂದು ನೇರ ಹೋಗುವವರು ಒಂದು ಕ್ಷಣ ತಡೆಯುತ್ತಾರೆ. ರಸ್ತೆ ಇಕ್ಕಟ್ಟು, ತಿರುಗುವವರಿಗೆ ಬೇರೆ ಲೇನ್ ಇಲ್ಲ. ಆ ಒಂದು ಕಾರು ನಿಂತರೆ ಹಿಂದಿನ ಸಾಲೆಲ್ಲ ನಿಂತ ಹಾಗೇ. ಕಾನೂನಿನಲ್ಲಿ ಇದು ತಪ್ಪು, ದಾಕ್ಷಿಣ್ಯದಲ್ಲಿ ಸರಿ. ಬಿಡುವುದು ಒಂದೇ ಕಾರನ್ನು. ಅದರ ಬಾಲ ಹಿಡಿದು ಎರಡನೆಯವನು ನುಗ್ಗಿದರೆ ಹಾರ್ನ್ ಗ್ಯಾರಂಟಿ. ಈ ಅಭ್ಯಾಸವನ್ನು ಬೇರೆ ಊರಿಗೆ ಒಯ್ದರೆ ಕಾರಿನ ಮೂತಿ ಉಳಿಯುವುದಿಲ್ಲ.

ಚಳಿಗಾಲದ ಪಾಠ ಮತ್ತೆ ಬಾಸ್ಟನ್ನಿನದೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಮ ತೋಡಿ ಕಾರಿನ ಜಾಗ ಮಾಡಿಕೊಂಡವರು ಅಲ್ಲೊಂದು ಮುರುಕು ಕುರ್ಚಿ ಇಟ್ಟು ಹೋಗುತ್ತಾರೆ. ಷಿಕಾಗೋದಲ್ಲಿ ಇದಕ್ಕೆ 'ಡಿಬ್ಸ್' ಅನ್ನುತ್ತಾರೆ. ಬಾಸ್ಟನ್ನಿನಲ್ಲಿ ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ಕುರ್ಚಿಗೆ ಮಾನ್ಯತೆ, ಆಮೇಲೆ ಅದು ಕಸ. ಸೌತ್ ಎಂಡ್ ಬಡಾವಣೆಯಲ್ಲಿ ಮಾತ್ರ ಕುರ್ಚಿಯಾಟ ನಡೆಯುವುದಿಲ್ಲ. ಗಡುವಿಗೆ ಮೊದಲೇ ಕುರ್ಚಿ ಎತ್ತಿಟ್ಟು ಕಾರು ನಿಲ್ಲಿಸಿದವನಿಗೆ ಬೆಳಿಗ್ಗೆ ಟಯರಿನಲ್ಲಿ ಗಾಳಿ ಇರಲಿಕ್ಕಿಲ್ಲ, ತೋಡಿದ ಹಿಮವೆಲ್ಲ ಬಾನೆಟ್ ಮೇಲೆ ಇರಬಹುದು. ಗಾಜಿಗೆ ಸಿಕ್ಕಿಸಿದ ಬೈಗುಳದ ಚೀಟಿಯನ್ನೂ ನೋಡಿ: ಬರೆಯುವಾಗ ಮಾತ್ರ ಕಾರಿನ ರಕಾರ ನೆಟ್ಟಗಿರುತ್ತದೆ.